ತುಕ್ಕು ಹಿಡಿಯದ ಅಲಗಿನ ಕಥೆ



ಪಾತ್ರೆ ಅಂಗಡಿಗೆ ಹೋಗಿ ಅಡುಗೆಮನೆಗೆ ಒಂದು ಒಳ್ಳೆ ಚಾಕು ಕೊಡಿ ಅಂತ ಕೇಳಿ ನೋಡಿ. ಹತ್ತಾರು ಬಗೆಯವನ್ನು ನಿಮ್ಮ ಮುಂದೆ ಹರವುತ್ತಾರೆ. ಎಲ್ಲವೂ ಥಳಥಳ ಹೊಳೆಯುತ್ತವೆ. ನಾವು ಹಿಡಿಯ ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ, ಹೆಬ್ಬೆರಳಲ್ಲಿ ಅಲಗನ್ನು ಮೆಲ್ಲಗೆ ಸವರಿ ತಲೆದೂಗಿ ಮನೆಗೆ ತರುತ್ತೇವೆ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಟೊಮೆಟೊ ಸಿಪ್ಪೆಯ ಮೇಲೆ ಅದು ಜಾರುತ್ತದೆ, ಹಣ್ಣು ಹೋಳಾಗುವ ಬದಲು ಜಜ್ಜಿಹೋಗುತ್ತದೆ. ಹೊಳಪು ಮಾತ್ರ ಹಾಗೇ ಇರುತ್ತದೆ! ಆ ಹೊಳಪಿಗೂ ಹರಿತಕ್ಕೂ ನಡುವೆ ಒಂದು ದೊಡ್ಡ ಜಗಳವೇ ನಡೆದಿತ್ತು. ಅದನ್ನು ತಿಳಿದುಕೊಂಡರೆ ಚಾಕು ಆರಿಸುವುದು ಬಹಳ ಸುಲಭವಾಗುತ್ತದೆ. ಅದಕ್ಕೇ ಈ ಹೊತ್ತು ಆ ಕಥೆ.

ಹೊಳೆಯುವ ಅಲಗು ಬಂದು ನೂರು ವರ್ಷದ ಮೇಲೆ ಸ್ವಲ್ಪ ಆಯಿತು, ಅಷ್ಟೆ. ಅದಕ್ಕೆ ಮುಂಚೆ ಎಲ್ಲರ ಮನೆಯಲ್ಲೂ ಕಪ್ಪು ಅಲಗೇ. ನಮ್ಮಲ್ಲಿ ಈಳಿಗೆ ಮಣೆ. ಹಲಗೆಯ ಮೇಲೆ ಕಾಲೂರಿ ಕೂತು, ಎರಡೂ ಕೈಯಲ್ಲಿ ತರಕಾರಿ ಹಿಡಿದು ನಿಂತ ಅಲಗಿನತ್ತ ದೂಡುವುದು. ಊರ ಕಮ್ಮಾರ ಬಡಿದು ಕೊಟ್ಟ ಅಲಗು, ಹರಿತವೆಂದರೆ ಹರಿತ. ಆದರೆ ಬಾಳೆಕಾಯಿಯನ್ನೋ ನೆಲ್ಲಿಕಾಯಿಯನ್ನೋ ಹೆಚ್ಚಿದರೆ ಹೋಳಿನ ಅಂಚಿಗೆ ನೀಲಿಗಪ್ಪು ಬಣ್ಣ ಕೂತುಬಿಡುತ್ತದೆ. ಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಕೂಡಿ ಆಗುವ ಬಣ್ಣ ಅದು. ಹುಳಿಯ ಹಣ್ಣು ಹೆಚ್ಚಿ ಒರೆಸದೆ ಬಿಟ್ಟರೆ ಬೆಳಿಗ್ಗೆಗೆ ತುಕ್ಕು. ಇಂಗ್ಲೆಂಡಿನಲ್ಲೂ ಇದೇ ಪಾಡು. ಅನುಕೂಲಸ್ಥರು ಹಣ್ಣು ಕುಯ್ಯಲು ಬೆಳ್ಳಿಯ ಚಾಕು ಇಟ್ಟುಕೊಂಡಿದ್ದರು. ಊಟದ ಚಾಕುಗಳನ್ನು ದಿನಾ ಇಟ್ಟಿಗೆಪುಡಿ ಹಾಕಿ ತಿಕ್ಕುವುದಕ್ಕೆಂದೇ ಮನೆಯಲ್ಲಿ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಆ ಹುಡುಗರ ಬಾಲ್ಯವೆಲ್ಲ ಬೇರೆಯವರ ಚಾಕು ತಿಕ್ಕುವುದರಲ್ಲೇ ಕಳೆಯಿತು ಅನ್ನುವುದು ನನ್ನನ್ನು ಯಾವಾಗಲೂ ಕಾಡುವ ಸಂಗತಿ.

ಈ ಕಥೆಯ ಬೇರು ನಮ್ಮ ನೆಲಕ್ಕೂ ಇಳಿದಿದೆ. 1799ರಲ್ಲಿ ಟಿಪ್ಪು ಮಡಿದ ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಮಾಗಡಿಯ ಕಡೆ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಕಣ್ಣಾರೆ ನೋಡಿ ಬರೆದುಕೊಂಡ. ಜೇಡಿಮಣ್ಣಿನ ಸಣ್ಣ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಮೇಲೆ ಒಂದಿಷ್ಟು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಇದ್ದಲಿನ ಕುಲುಮೆಯಲ್ಲಿಟ್ಟು ತಿದಿ ಒತ್ತುತ್ತಾ ಕೂತರೆ, ಸೊಪ್ಪು ಕಡ್ಡಿ ಸುಟ್ಟು ಬಂದ ಇಂಗಾಲ ಕಬ್ಬಿಣದೊಳಗೆ ಸೇರಿ ಉಕ್ಕಾಗುತ್ತಿತ್ತು. ಯಾವ ಸೊಪ್ಪು, ಎಷ್ಟು ಹೊತ್ತು, ಎಷ್ಟು ಬಿಸಿ ಅನ್ನುವುದೆಲ್ಲ ಅಪ್ಪನಿಂದ ಮಗನ ಕೈಗೆ ಬಂದ ಅಂದಾಜು. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು, ದೂರದೂರದವರೆಗೆ ಅದಕ್ಕೆ ಬೇಡಿಕೆಯಿತ್ತು.

ಇದಕ್ಕೂ ಕೆಲವು ವರ್ಷ ಮೊದಲೇ, 1794ರ ಹೊತ್ತಿಗೆ, ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಂಥ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ್ದ. ಅಲ್ಲಿ ಇದನ್ನು ವೂಟ್ಜ್ ಅಂದರು. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು-ಕ್ಷೌರಕತ್ತಿ ತಯಾರಕ ಅದನ್ನು ಬಡಿದು ನೋಡಿ ಮರುಳಾಗಿಬಿಟ್ಟ. ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ನನಗೆ ಇದೇ ಮೇಲು ಅಂತ ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಈ ಉಕ್ಕಿನಲ್ಲಿ ಅಂಥದ್ದೇನಿದೆ ಅಂತ ಪತ್ತೆ ಮಾಡಲು ಅವನಿಗೆ ಜತೆಯಾದವನು ಯಾರು ಗೊತ್ತೇ? ಮೈಕೆಲ್ ಫ್ಯಾರಡೆ! ವಿದ್ಯುತ್ತಿನ ಫ್ಯಾರಡೆಯೇ. ಅವನ ತಂದೆ ಕಮ್ಮಾರ. ಇಬ್ಬರೂ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ, ಕೊನೆಗೆ ಕ್ರೋಮಿಯಂ ಕೂಡ ಬೆರೆಸಿ ನೋಡಿ 1820ರಲ್ಲೂ 1822ರಲ್ಲೂ ಲೇಖನ ಬರೆದರು. ಮೊದಲ ಲೇಖನವನ್ನು ಓದಿದ ಫ್ರೆಂಚ್ ವಿಜ್ಞಾನಿ ಪಿಯರ್ ಬರ್ತಿಯೇ 1821ರಲ್ಲೇ, ಕ್ರೋಮಿಯಂ ಬೆರೆತ ಕಬ್ಬಿಣಕ್ಕೆ ಆಮ್ಲ ಸುಲಭವಾಗಿ ತಾಗುವುದಿಲ್ಲ, ಇದರಿಂದ ಚಾಕು ಮಾಡಬಹುದು ಅಂದುಬಿಟ್ಟಿದ್ದ. ಆದರೆ ಅವನ ಲೋಹದಲ್ಲಿ ಇಂಗಾಲ ವಿಪರೀತ, ಬಡಿದರೆ ಒಡೆಯುತ್ತಿತ್ತು. ಸ್ಟೊಡಾರ್ಟ್ 1823ರಲ್ಲಿ ತೀರಿಕೊಂಡ, ಫ್ಯಾರಡೆ ಬೇರೆ ಕಡೆ ಹೊರಳಿದ, ಮುಂದೆ ತೊಂಬತ್ತು ವರ್ಷ ಚಾಕುವಿಗೆ ಯಾರೂ ಆ ದಾರಿ ಹಿಡಿಯಲಿಲ್ಲ.

ಇತ್ತ ಮೈಸೂರು ಸೀಮೆಯ ಕುಲುಮೆಗಳು ಒಂದೊಂದಾಗಿ ಆರಿದವು. ವಿಲಾಯಿತಿಯ ಅಗ್ಗದ ಕಬ್ಬಿಣ ಸಂತೆಗೆ ಬಂತು, ಇದ್ದಲಿಗೆ ಕಾಡು ಸಿಗದಾಯಿತು. ಲಂಡನ್ನಿನ ಜಾಣರು ನಮ್ಮ ಗಟ್ಟಿಯನ್ನು ಕರಗಿಸಿ ಬಗೆದು ನೋಡುತ್ತಿದ್ದ ಕಾಲಕ್ಕೆ ಅದನ್ನು ಮಾಡಿದ ಕೈಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಸ್ಟೊಡಾರ್ಟ್ ಹೆಸರು ಉಳಿಯಿತು, ಮಾಗಡಿಯ ಕಮ್ಮಾರನ ಹೆಸರು ಹೋಯಿತು. ಈ ಸಂಕಟ ನನಗೆ ಇನ್ನೂ ಆರಿಲ್ಲ.

ಈಗ ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗೋಣ. ಹದಿನಾಲ್ಕನೇ ಶತಮಾನದ ಕವಿ ಚಾಸರ್ ಕಾವ್ಯದಲ್ಲೇ ಶೆಫೀಲ್ಡ್ ಚಾಕು ಬರುತ್ತದೆ, ಅಷ್ಟು ಹಳೆಯ ಚಾಕುವಿನ ಊರು. ಹೊಸತನ್ನು ಒಪ್ಪದ ಊರೂ ಹೌದು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕೆಲಸದವನು ಅಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಿದಾಗ ಊರಿನ ಚಾಕು ತಯಾರಕರು ಇದು ಬಹಳ ಗಟ್ಟಿ, ನಮಗೆ ಬೇಡ ಅಂದರು. ಅವನು ಫ್ರಾನ್ಸಿಗೆ ಮಾರಿದ. ಫ್ರೆಂಚರ ಚಾಕು ತಮ್ಮದಕ್ಕಿಂತ ಚೆನ್ನಾಗಿ ಓಡತೊಡಗಿದ ಮೇಲೆ ಇವರಿಗೆ ಬುದ್ಧಿ ಬಂತು.

ಅದೇ ಊರಿನಲ್ಲಿ 1871ರಲ್ಲಿ ಹ್ಯಾರಿ ಬ್ರೇರ್ಲಿ ಹುಟ್ಟಿದ. ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿರುವುದು ಇವನನ್ನೇ. ತಂದೆ ಉಕ್ಕು ಕರಗಿಸುವ ಕೂಲಿ, ಮನೆ ತುಂಬ ಮಕ್ಕಳು. ಹುಡುಗ 12ಕ್ಕೇ ಶಾಲೆ ಬಿಟ್ಟು ಉಕ್ಕಿನ ಕಂಪನಿಯೊಂದರ ಕುಲುಮೆಯ ಕೆಲಸಕ್ಕೆ ಸೇರಿದ, ಆಮೇಲೆ ಅದೇ ಕಂಪನಿಯ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸ. ಸೀಸೆ ತೊಳೆಯುತ್ತಲೇ ರಸಾಯನಶಾಸ್ತ್ರ ಕಲಿತ, ರಾತ್ರಿ ಓದಿದ, 1908ರ ಹೊತ್ತಿಗೆ ಎರಡು ದೊಡ್ಡ ಉಕ್ಕಿನ ಕಂಪನಿಗಳು ಸೇರಿ ತೆರೆದ ಸಂಶೋಧನಾಲಯಕ್ಕೆ ಮುಖ್ಯಸ್ಥನೇ ಆಗಿಬಿಟ್ಟ!

1912ರಲ್ಲಿ ಅವನಿಗೆ ಬಂದ ಕೆಲಸಕ್ಕೂ ಅಡುಗೆಮನೆಗೂ ಸಂಬಂಧವೇ ಇಲ್ಲ. ಬಂದೂಕಿನ ನಳಿಕೆ ಒಳಗೊಳಗೇ ಸವೆಯುತ್ತಿದೆ, ಸವೆಯದ ಉಕ್ಕು ಬೇಕು. ಕ್ರೋಮಿಯಂ ಹೆಚ್ಚಿಸುತ್ತಾ ಹೋದ. 1913ರ ಆಗಸ್ಟ್ 13ರಂದು ಎರಕ ಹೊಯ್ದ ಉಕ್ಕಿನಲ್ಲಿ ಕ್ರೋಮಿಯಂ ಶೇ. 12.8, ಇಂಗಾಲ ಶೇ. 0.24. ಸೂಕ್ಷ್ಮದರ್ಶಕದಲ್ಲಿ ಉಕ್ಕಿನ ಒಳರಚನೆ ಕಾಣಬೇಕಾದರೆ ತುಂಡನ್ನು ಕನ್ನಡಿಯಂತೆ ಉಜ್ಜಿ, ಮೇಲೆ ಆಮ್ಲ ಸವರಬೇಕು. ಆಮ್ಲ ತಿಂದ ಕಡೆ ರಚನೆ ಕಾಣುತ್ತದೆ. ಸವರಿದರು. ಆಮ್ಲ ಹಿಡಿಯಲಿಲ್ಲ. ಮತ್ತೆ ಸವರಿದರೂ ಇಲ್ಲ. ಗುಜರಿ ರಾಶಿಯಲ್ಲಿ ಒಂದು ತುಂಡು ಮಾತ್ರ ಹೊಳೆಯುತ್ತಿತ್ತು ಅನ್ನುವ ಕಥೆ ಹೆಚ್ಚು ಚಾಲ್ತಿಯಲ್ಲಿದೆ. ನನಗೆ ಈ ಆಮ್ಲದ ಸಂಗತಿಯೇ ಇಷ್ಟ. ಬೇರೆ ಯಾರಾದರೂ ಮಾದರಿ ಕೆಟ್ಟಿದೆ ಅಂತ ಎಸೆಯುತ್ತಿದ್ದರು. ಚಾಕುವಿನ ಊರಲ್ಲಿ ಹುಟ್ಟಿದ ಈತ ಅದರ ಮೇಲೆ ವಿನೆಗರ್ ಹಾಕಿದ, ನಿಂಬೆರಸ ಹಾಕಿದ. ಏನೂ ಆಗಲಿಲ್ಲ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜತೆ ಸೇರಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆ ಕಟ್ಟಿಕೊಳ್ಳುತ್ತದೆ. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಇದರಿಂದ ಚಾಕು ಮಾಡೋಣ ಅಂತ ಮೇಲಿನವರಿಗೆ ಬರೆದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಿನ ಚಾಕು ತಯಾರಕರಿಗೆ ತಾನೇ ಉಕ್ಕು ಕೊಟ್ಟ. ಅವರು ವಾಪಸು ಕಳಿಸಿದರು. ಬಡಿಯಲು ಬರುವುದಿಲ್ಲ, ಸಾಣೆಗೆ ಒಗ್ಗುವುದಿಲ್ಲ, ಹದಕ್ಕೆ ಬರುವುದಿಲ್ಲ, ಹರಿತ ನಿಲ್ಲುವುದಿಲ್ಲ ಅಂದರು. ಕುಯ್ಯದ ಚಾಕು ಕಂಡುಹಿಡಿದವನು ಅಂತ ಬ್ರೇರ್ಲಿಯನ್ನು ಆಡಿಕೊಂಡರು. ಅವರು ಸುಳ್ಳು ಹೇಳಲಿಲ್ಲ, ಕೇಳುಗರೇ. ಮಾಮೂಲಿ ಉಕ್ಕಿನ ಅಲಗನ್ನು 780 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ನಿಗಿನಿಗಿ ಕೆಂಪಾದಾಗ, ನೀರಿಗೋ ಎಣ್ಣೆಗೋ ಅದ್ದಿದರೆ ಅದು ಗಡಸಾಗುತ್ತದೆ. ತಲೆತಲಾಂತರದಿಂದ ಕಣ್ಣು ಅಳೆದು ಕಲಿತ ಕೆಂಪು ಅದು. ಈ ಹೊಸ ಉಕ್ಕಿಗೆ 1000 ಡಿಗ್ರಿಯ ಹತ್ತಿರ ಬೇಕು, ಕೆಂಪು ದಾಟಿ ಕಿತ್ತಳೆ ಬಣ್ಣ ಬರಬೇಕು. ಹಳೆಯ ಕೆಂಪಿನಲ್ಲೇ ಅದ್ದಿದರೆ ಅಲಗು ಮೆತ್ತಗೇ ಉಳಿಯುತ್ತದೆ. ತಪ್ಪು ಉಕ್ಕಿನದಾಗಿರಲಿಲ್ಲ, ಹದದ್ದಾಗಿತ್ತು.

ಇದನ್ನು ಬಿಡಿಸಿದ್ದು ಅರ್ನೆಸ್ಟ್ ಸ್ಟುವರ್ಟ್ ಎಂಬ, ಮೋಸ್ಲಿ ಚಾಕು ಕಾರ್ಖಾನೆಯ ಮ್ಯಾನೇಜರು. ಅವನು ಒಂದು ತುಂಡನ್ನು ವಿನೆಗರಿನಲ್ಲಿ ಇಟ್ಟು ನೋಡಿ, ಇದಕ್ಕೆ ಕಲೆಯೇ ಕೂರುವುದಿಲ್ಲವಲ್ಲ ಅಂತ ಸ್ಟೇನ್‌ಲೆಸ್ ಎಂಬ ಹೆಸರಿಟ್ಟ. ಅದರಿಂದ ಚಾಕು ಮಾಡಹೋದ ಮೊದಲ ಸಲ ಅವನ ಹತಾರಗಳೇ ಹಾಳಾದವು. ಎರಡನೇ ಸಲ ಅಲಗು ಸೀಳಿತು. ಮೂರನೇ ಸಲಕ್ಕೆ ಬ್ರೇರ್ಲಿಯನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡ. ಚಾಕು ಮಾಡಲು ಬ್ರೇರ್ಲಿಗೆ ಬರುತ್ತಿರಲಿಲ್ಲ. ಎಷ್ಟು ಬಿಸಿಗೆ ಈ ಉಕ್ಕು ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಚಾಕು ಬಂತು, ಕುಯ್ದಿತು. ಅದು 1914ನೇ ಇಸವಿ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಕ್ರೋಮಿಯಂ ಉಕ್ಕೆಲ್ಲ ವಿಮಾನದ ಎಂಜಿನ್ನಿಗೆ ಹೋಯಿತು. ಹಕ್ಕಿನ ವಿಚಾರಕ್ಕೆ ಕಂಪನಿಯ ಜತೆ ಜಗಳವಾಗಿ 1915ರಲ್ಲಿ ಬ್ರೇರ್ಲಿ ಕೆಲಸ ಬಿಟ್ಟ. 1916ರಲ್ಲಿ ಅಮೆರಿಕದ ಪೇಟೆಂಟು ಅವನ ಹೆಸರಿಗೆ ಬಂತು. 1948ರವರೆಗೆ ಬದುಕಿದ್ದ. ತನ್ನ ಅಲಗು ಅಡುಗೆಮನೆಗಳಿಗೆ ಹೋದದ್ದನ್ನು ನೋಡಿಯೇ ಹೋದ ಅನ್ನುವುದು ನನಗೆ ದೊಡ್ಡ ಸಮಾಧಾನ.

ಬ್ರೇರ್ಲಿಯ ಕುರ್ಚಿಗೆ ಬಂದ ಹ್ಯಾಟ್‌ಫೀಲ್ಡ್ 1924ರಲ್ಲಿ ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುವ ಉಕ್ಕು ತಂದ. ಜರ್ಮನಿಯ ಕ್ರುಪ್ ಕಂಪನಿ 1912ರಲ್ಲೇ ಆ ಜಾತಿಯದಕ್ಕೆ ಪೇಟೆಂಟು ಪಡೆದಿತ್ತು. ನಮ್ಮ ತಟ್ಟೆ ಲೋಟ ಪಾತ್ರೆಗಳಲ್ಲಿ ಒಳ್ಳೆಯವೆಲ್ಲ ಇದೇ. ಇಲ್ಲೇ ನೀವು ಗಮನ ಕೊಡಬೇಕು. ಪಾತ್ರೆಯ ಉಕ್ಕನ್ನು ಎಷ್ಟೇ ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ. ಆ ಹಾಳೆಯಿಂದ ಕತ್ತರಿಸಿದ ಚಾಕು ಹೊಳೆಯುತ್ತಲೇ ಇರುತ್ತದೆ, ಹರಿತ ನಿಲ್ಲುವುದಿಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಳ್ಳಿ. ಅಲಗಿಗೆ ಅದು ಗಟ್ಟಿಯಾಗಿ ಅಂಟದಿದ್ದರೆ ಆ ಚಾಕುವನ್ನು ಕೆಳಗಿಡಿ. ಅಂಟಿದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ, ಆದರೆ ಅರ್ಧ ಕಸ ಅಲ್ಲೇ ಕಳೆಯುತ್ತದೆ.

ಆಮೇಲೆ ಗಡಸುತನದ ಅಂಕಿ ಕೇಳಿ. ರಾಕ್‌ವೆಲ್ ಅಂತ ಅಳತೆ ಇದೆ. ಜರ್ಮನಿಯ ಝೋಲಿಂಗನ್ ಊರಿನ ಚಾಕುಗಳು ಹೆಚ್ಚಾಗಿ 56ರಿಂದ 58, ಜಪಾನಿನವು 60 ದಾಟುತ್ತವೆ. ಜಪಾನಿನವರದು ಇನ್ನೊಂದು ದೊಡ್ಡ ಕಥೆ: 1876ರಲ್ಲಿ ಸಮುರಾಯಿಗಳು ಕತ್ತಿ ಕಟ್ಟಿಕೊಳ್ಳಬಾರದು ಅಂತ ಸರ್ಕಾರ ಆಜ್ಞೆ ಹೊರಡಿಸಿದ ಮೇಲೆ ಕತ್ತಿ ಮಾಡುತ್ತಿದ್ದ ಎಷ್ಟೋ ಕಮ್ಮಾರರು ಅಡುಗೆ ಚಾಕುವಿಗೆ ಬಂದರು. ಅವರ ಅಲಗು ತೆಳು, ಗಡಸು, ಈರುಳ್ಳಿಯೊಳಗೆ ತಾನಾಗಿ ಇಳಿಯುತ್ತದೆ. ಆದರೆ ಗಟ್ಟಿ ಕುಂಬಳಕಾಯಿಯಲ್ಲಿ ಸಿಕ್ಕಿಸಿ ತಿರುಚಿದರೆ, ತೆಂಗಿನಚಿಪ್ಪಿಗೆ ಬಡಿದರೆ, ಅಂಚು ಚೂರು ಹಾರುತ್ತದೆ. ದಿನಾ ಹುರುಳಿಕಾಯಿ, ಎಲೆಕೋಸು, ಸೊಪ್ಪು ಹೆಚ್ಚುವ ನಮ್ಮ ಮನೆಗೆ 57, 58ರ ಅಲಗು ಸಾಕು ಅನ್ನುವುದು ನನ್ನ ಮತ. ಉದ್ದ ಆರೂವರೆ ಏಳು ಇಂಚು; ಎಂಟು ಇಂಚಿನದು ಕೈ ಪಳಗಿದವರಿಗೆ. ಚಾಕುವನ್ನು ತುದಿಯಿಂದ ಕಣ್ಣಿಗೆ ನೇರ ಹಿಡಿದು ನೋಡಿ: ಬೆನ್ನು ದಪ್ಪಗಿದ್ದರೂ ಅಂಚಿನ ಕಡೆಗೆ ತೆಳ್ಳಗಾಗುತ್ತಾ ಬಂದಿರಬೇಕು. ಅಲಗಿನ ಬುಡವನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಹಿಡಿದಾಗ ಮುಂದಕ್ಕೂ ಹಿಂದಕ್ಕೂ ವಾಲಬಾರದು. ಮನೆಗೆ ತಂದ ಮೇಲೆ ಗ್ರಾನೈಟ್ ಕಟ್ಟೆಯ ಮೇಲೆ, ಗಾಜಿನ ಹಲಗೆಯ ಮೇಲೆ ದಯವಿಟ್ಟು ಹೆಚ್ಚಬೇಡಿ, ಮರದ ಮಣೆ ಇರಲಿ.

ಇನ್ನು ಕಮ್ಮಾರರ ಕೈಯ ಕಪ್ಪು ಅಲಗು ಸಂತೆಯಲ್ಲಿ ಸಿಕ್ಕರೆ ಬಿಡಬೇಡಿ. ಹೆಚ್ಚಿದ ಕೂಡಲೇ ತೊಳೆದು ಒರೆಸಿ ಎಣ್ಣೆ ಕೈ ಸವರಿಡುವ ತಾಳ್ಮೆ ಇದ್ದವರಿಗೆ ಅಷ್ಟು ಸುಲಭವಾಗಿ ಹರಿತ ಕೊಡುವ ಅಲಗು ಬೇರೊಂದಿಲ್ಲ. ನೆಲ್ಲಿಕಾಯಿಗೆ ಮಾತ್ರ ಸ್ಟೀಲಿನದು ತೆಗೆಯಿರಿ.

ಕೊನೆಗೆ ಸಾಣೆ. ಬೀದಿಯಲ್ಲಿ ಸೈಕಲ್ ನಿಲ್ಲಿಸಿ ಪೆಡಲ್ ತುಳಿದು ಸಾಣೆ ಹಿಡಿಯುವವರು ಈಗಲೂ ಬರುತ್ತಾರೆ, ಅವರಿಗೆ ಕೆಲಸ ಕೊಡಿ. ಕಿಡಿ ಹಾರುವುದು ನೋಡಲು ಚಂದವೇ. ಆದರೆ ಒಣ ಕಲ್ಲಿಗೆ ಒಂದೇ ಸಮನೆ ಒತ್ತಿದರೆ ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ಬ್ರೇರ್ಲಿ ಮತ್ತು ಸ್ಟುವರ್ಟ್ ಮೂರು ಸಲ ಒದ್ದಾಡಿ ಪಡೆದ ಹದ ಅಷ್ಟರಲ್ಲೇ ಇಳಿದುಹೋಗುತ್ತದೆ. ಸ್ವಲ್ಪ ಹಗುರಕ್ಕೆ ಹಿಡಿಯಣ್ಣಾ, ನಡುನಡುವೆ ನೀರಿಗೆ ಅದ್ದು ಅಂತ ಹೇಳಿ, ಒಂದು ಚೊಂಬು ನೀರನ್ನೂ ನೀವೇ ತಂದಿಡಿ.