ಮೊದಲ ತಪ್ಪಿಗೆ ಜೈಲೇ ಏಕೆ?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಿಂದ ಬಂದ ಪದವೀಧರರೇ, ನಿಮ್ಮಲ್ಲಿ ಕೆಲವರು ಮುಂದೆ ಕರಿಕೋಟು ತೊಡುವಿರಿ, ಕೆಲವರು ಸರ್ಕಾರಿ ಕಚೇರಿ ಸೇರುವಿರಿ, ಕೆಲವರು ಪಂಚಾಯಿತಿ ಚುನಾವಣೆಗೆ ನಿಲ್ಲುವಿರಿ. ನಿಮ್ಮೆಲ್ಲರಲ್ಲೂ ನನ್ನದೊಂದೇ ಕೋರಿಕೆ: ಯಾರ ಮೈಮೇಲೂ ಕೈಮಾಡದೆ, ಮೊದಲ ಸಲ ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಜೈಲು ಕಟ್ಟಕಡೆಯ ದಾರಿಯಾಗಲಿ.

ಕಾನೂನು ಇದನ್ನು ಎಂದೋ ಒಪ್ಪಿದೆ. 1958ರ ಪ್ರೊಬೇಷನ್ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಅಪರಾಧಿಯನ್ನು ಮನೆಗೆ ಕಳಿಸಬಹುದು. 21 ತುಂಬದವರನ್ನು, ಜೀವಾವಧಿ ಶಿಕ್ಷೆಗೆ ಗುರಿಯಾಗುವ ಘೋರ ಅಪರಾಧವಲ್ಲದಿದ್ದರೆ, ಕಾರಣ ಬರೆಯದೆ ನ್ಯಾಯಾಲಯ ಸೆರೆಗೆ ತಳ್ಳುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಮೊದಲ ಬಾರಿ ಶಿಕ್ಷೆಗೊಳಗಾದವರಿಗೆ ಸಮುದಾಯ ಸೇವೆಯೇ ಶಿಕ್ಷೆ. ಆದರೆ ಆ ಸೇವೆ ಎಲ್ಲಿ, ಎಷ್ಟು ಗಂಟೆ, ಯಾರ ಉಸ್ತುವಾರಿಯಲ್ಲಿ? ಸಂಹಿತೆ ಅದನ್ನು ಹೇಳಿಲ್ಲ. ಕೆ.ಆರ್. ನಗರದ ಆಸ್ಪತ್ರೆ, ಪಿರಿಯಾಪಟ್ಟಣದ ಶಾಲೆ ಮುಂದೆ ಬಂದು ಜಾಗ ಕೊಡದಿದ್ದರೆ ಈ ಕಲಮು ಕಾಗದದಲ್ಲೇ ಉಳಿದೀತು.

ನಮ್ಮ ಕಾಡಂಚಿನ ಕಥೆ ಇನ್ನೂ ಕಠಿಣ. ರಾಷ್ಟ್ರೀಯ ಉದ್ಯಾನದೊಳಗಿನ ಬೇಟೆಗೆ, 18 ದಾಟಿದವರಿಗೆ, 1972ರ ವನ್ಯಜೀವಿ ಕಾಯ್ದೆ ಪ್ರೊಬೇಷನ್ನಿನ ಬಾಗಿಲನ್ನೇ ಮುಚ್ಚಿದೆ. ನಾಗರಹೊಳೆಯಲ್ಲಿ ಉರುಳಿಗೆ ಬಿದ್ದದ್ದು ಮೊಲವಾದರೂ ಅಷ್ಟೇ. ಅದೇ ಉರುಳಿಗೆ ಹುಲಿಯೂ ಸಿಕ್ಕೀತೆಂಬ ಭಯ ನನಗೂ ಇದೆ; ಹುಲಿಚರ್ಮದ ದಂಧೆಯವರ ಮೇಲೆ ನನಗೆ ಕನಿಕರವಿಲ್ಲ. ಆದರೆ ಹಸಿದ ಹಾಡಿಯ ಯುವಕನನ್ನೂ ಆ ದಂಧೆಯವನನ್ನೂ ಬೇರೆಬೇರೆಯಾಗಿ ನೋಡುವ ಅಧಿಕಾರ ನ್ಯಾಯಾಧೀಶರಿಗೆ ಮರಳಬೇಕು.

ಬದುಕು ಬದಲಾಗುವುದಿಲ್ಲ ಎನ್ನುವವರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋಗಿ ಬರಲಿ. ಹಕ್ಕಿ ಹಿಡಿಯುವುದನ್ನೇ ಕುಲಕಸುಬಾಗಿ ಮಾಡಿಕೊಂಡಿದ್ದ ಹಕ್ಕಿಪಿಕ್ಕಿ ಜನರಿಗೆ ಕಾನೂನು ಆ ಕಸುಬನ್ನೇ ಅಪರಾಧವಾಗಿಸಿತು. ಇಂದು ಅವರು ಗಿಡಮೂಲಿಕೆ ಎಣ್ಣೆಯ ವ್ಯಾಪಾರದಲ್ಲಿದ್ದಾರೆ. ವ್ಯಾಪಾರ ಹುಡುಕಿ ಆಫ್ರಿಕಾದವರೆಗೂ ಹೋಗಿದ್ದಾರೆ. ನೆಲೆಯೂ ದುಡಿಮೆಯೂ ಸಿಕ್ಕಲ್ಲಿ ಹಳೆಯ ಕಸುಬು ತಾನಾಗಿ ಹಿಂದೆ ಸರಿಯುತ್ತದೆ.

ಜೈಲಿನೊಳಗೂ ಬದಲಾವಣೆ ಸಾಧ್ಯ. ರಂಗಕರ್ಮಿ ಹುಲುಗಪ್ಪ ಕಟ್ಟಿಮನಿಯವರು ಬಳ್ಳಾರಿ, ಮೈಸೂರು ಜೈಲುಗಳ ಕೈದಿಗಳಿಗೆ ನಾಟಕ ಕಲಿಸಿ, ಹೊರಗಿನ ರಂಗಮಂದಿರಗಳಿಗೆ ಕರೆತಂದರು. ಅವರಲ್ಲಿ ಜೀವಾವಧಿ ಶಿಕ್ಷೆಯವರೂ ಇದ್ದರು. ಅವರನ್ನೇ ಅಷ್ಟು ನಂಬಿದ ನಾಡು, ಒಂದು ಮೊಬೈಲ್ ಕದ್ದ ಹುಡುಗನನ್ನು ನಂಬಲಾರದೆ?

ವಕೀಲರಾಗುವವರೇ, ತೀರ್ಪಿನ ದಿನ ಪ್ರೊಬೇಷನ್ ಕೇಳಲು ಮರೆಯಬೇಡಿ. ಊರಲ್ಲಿ ಉಳಿಯುವವರೇ, ಪ್ರೊಬೇಷನ್ ಅಧಿಕಾರಿ ತಪ್ಪು ಮಾಡಿದವರ ಬಗ್ಗೆ ವಿಚಾರಿಸಲು ಬಂದಾಗ ಬಾಗಿಲು ಹಾಕಿಕೊಳ್ಳಬೇಡಿ, ಕಂಡದ್ದನ್ನು ಹೇಳಿ. ಕಚೇರಿ ಸೇರುವವರೇ, 1958ರ ಕಾಯ್ದೆಯ 12ನೇ ಕಲಮು ನಿಮಗೆ ಸೇರಿದ್ದು: ಪ್ರೊಬೇಷನ್ ಪಡೆದವರಿಗೆ, ಶಿಕ್ಷೆಯ ಜೊತೆಗೆ ಕಾನೂನು ಅಂಟಿಸುವ ಅನರ್ಹತೆ ತಟ್ಟುವುದಿಲ್ಲ. ಅಂಥವರ ಅರ್ಜಿ ನಿಮ್ಮ ಮೇಜಿಗೆ ಬಂದ ದಿನ, ಪೊಲೀಸ್ ವರದಿಯ ಜೊತೆಗೆ ಆ ಕಲಮನ್ನೂ ತೆರೆದು ಓದಿ.