ಹೆತ್ತೂರಿನ ಕಾಫಿಯೂ ಮಹಾಶಕ್ತಿಗಳ ಪೈಪೋಟಿಯೂ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ ಕಾಫಿಯ ಬೆಲೆಯನ್ನು ನಿಶ್ಚಯಿಸುವವರು ಯಾರು ಎಂದು ಕೇಳಿದರೆ, ಬೇಸಿಗೆಯ ಹೂಮಳೆ ಎಂದು ಒಬ್ಬರು, ಕಾಂಡಕೊರಕ ಹುಳು ಎಂದು ಇನ್ನೊಬ್ಬರು, ಬ್ರೆಜಿಲ್ ದೇಶದ ಹಿಮ ಎಂದು ಮತ್ತೊಬ್ಬರು ಹೇಳಬಹುದು. ಮೂರು ಮಾತೂ ಸುಳ್ಳಲ್ಲ. ಆದರೆ ಹಲವು ದಶಕಗಳ ಕಾಲ ಈ ಬೆಲೆಯ ಹಿಂದೆ ನಾಲ್ಕನೆಯದೊಂದು ಕೈಯೂ ಇದ್ದಿತು. ಅದು ವಾಷಿಂಗ್ಟನ್ ಮತ್ತು ಮಾಸ್ಕೋಗಳ ನಡುವಣ ಪೈಪೋಟಿ. ಮನೆಯಲ್ಲಿ ಕುಳಿತು ಕಾಫಿ ಕುಡಿಯುವ ನಾವು ಈ ಸಂಬಂಧವನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಒಳ್ಳೆಯದು.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಯೂರೋಪು ಹಸಿದಿದ್ದಿತು. ಜರ್ಮನಿಯನ್ನು ಸೋಲಿಸಲು ಒಂದಾಗಿದ್ದ ಅಮೆರಿಕ ಮತ್ತು ರಷ್ಯಗಳಿಗೆ, ಗೆದ್ದ ಮೇಲೆ ಒಂದಾಗಿರಲು ಕಾರಣವೇ ಉಳಿಯಲಿಲ್ಲ. 1947ರ ಮಾರ್ಚಿಯಲ್ಲಿ ಅಧ್ಯಕ್ಷ ಟ್ರೂಮನ್ನರು ಗ್ರೀಸ್ ಮತ್ತು ತುರ್ಕಿಗಳಿಗೆ ನೆರವನ್ನು ಕೇಳಿದರು. ಜೂನ್ ತಿಂಗಳಲ್ಲಿ ವಿದೇಶಾಂಗ ಕಾರ್ಯದರ್ಶಿ ಮಾರ್ಷಲ್ಲರು ಯೂರೋಪಿನ ಪುನರ್ನಿರ್ಮಾಣದ ಯೋಜನೆಯನ್ನು ಸೂಚಿಸಿದರು. ಸುಮಾರು 1,300 ಕೋಟಿ ಡಾಲರುಗಳು ಪಶ್ಚಿಮ ಯೂರೋಪಿಗೆ ಹರಿದುವು. ರಷ್ಯವು ಇದನ್ನು ನಿರಾಕರಿಸಿ, ತನ್ನ ನೆರೆಯ ರಾಷ್ಟ್ರಗಳನ್ನೂ ತಡೆಯಿತು. 1949ರಲ್ಲಿ ಕೊಮೆಕಾನ್ ಎಂಬ ತನ್ನದೇ ಆರ್ಥಿಕ ಕೂಟವನ್ನು ಕಟ್ಟಿತು. ಅಂದಿನಿಂದ ನೆರವು ಎಂಬುದು ಬರಿಯ ದಾನವಾಗಿ ಉಳಿಯಲಿಲ್ಲ. ಅದು ವಿದೇಶಾಂಗ ನೀತಿಯ ಒಂದು ಆಯುಧವಾಯಿತು.

ಹೊಸದಾಗಿ ಸ್ವತಂತ್ರವಾದ ಭಾರತವು ಯಾವ ಬಣಕ್ಕೂ ಸೇರದೆ, ಎರಡೂ ಕಡೆಯಿಂದ ನೆರವನ್ನು ಪಡೆಯಿತು. 1951ರಲ್ಲಿ ಅಮೆರಿಕವು ಗೋಧಿಗಾಗಿ 19 ಕೋಟಿ ಡಾಲರುಗಳ ಸಾಲ ಕೊಟ್ಟಿತು. 1955ರಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಗೆ ರಷ್ಯವು ಒಪ್ಪಿಕೊಂಡಿತು. ಇವು ಎಲ್ಲರಿಗೂ ತಿಳಿದ ಸಂಗತಿಗಳು. ಕಾಫಿಯ ಕಥೆ ಅಷ್ಟು ತಿಳಿದುದಲ್ಲ.

ಯುದ್ಧಕಾಲದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, ನಮ್ಮ ಬೆಳೆಗಾರರನ್ನು ಉಳಿಸಲು ಸರ್ಕಾರವು ಎಲ್ಲರ ಕಾಫಿಯನ್ನೂ ಒಂದೇ ರಾಶಿಗೆ ಸೇರಿಸಿ ಮಾರುವ ಪೂಲ್ ಪದ್ಧತಿಯನ್ನು ತಂದಿತು. 1942ರ ಕಾಯಿದೆಯು ಅದನ್ನು ಕಾಫಿ ಮಂಡಲಿಯ ವಶದಲ್ಲಿರಿಸಿತು. ಹೆತ್ತೂರಿನ ಸಣ್ಣ ಹಿಡುವಳಿದಾರನೂ ದೊಡ್ಡ ತೋಟದ ಒಡೆಯನೂ ಒಂದೇ ಪೂಲಿಗೆ ಕಾಫಿಯನ್ನು ಒಪ್ಪಿಸಿ, ಕಂತುಗಳಲ್ಲಿ ಹಣ ಪಡೆಯುತ್ತಿದ್ದರು.

ಇನ್ನು ಹೊರದೇಶದ ಬೆಲೆ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು. ಕಾಫಿಯ ಬೆಲೆ ಕುಸಿದು ಬ್ರೆಜಿಲ್, ಕೊಲಂಬಿಯಾಗಳ ರೈತರು ದಿವಾಳಿಯಾದರೆ ಅಲ್ಲಿಯೂ ಹಾಗೆಯೇ ಆದೀತೆಂದು ಅಮೆರಿಕವು ಅಂಜಿತು. ಆದುದರಿಂದ ಪ್ರಪಂಚದಲ್ಲೇ ಅತಿ ಹೆಚ್ಚು ಕಾಫಿ ಕೊಳ್ಳುತ್ತಿದ್ದ ಆ ದೇಶವು, ತನ್ನ ಗೃಹಿಣಿಯರು ಹೆಚ್ಚು ಬೆಲೆ ತೆರುವಂಥ ಒಂದು ಕರಾರಿಗೆ ತಾನಾಗಿಯೇ ಸಹಿ ಹಾಕಿತು. ಅದೇ 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಪ್ರತಿಯೊಂದು ರಫ್ತು ದೇಶಕ್ಕೂ ಇಂತಿಷ್ಟೇ ಎಂಬ ಪಾಲನ್ನು ಗೊತ್ತುಮಾಡಿ, ಮಾರುಕಟ್ಟೆಗೆ ಕಾಫಿ ನುಗ್ಗದಂತೆ ತಡೆಯುವುದು ಅದರ ಉಪಾಯ. ದಕ್ಷಿಣ ಅಮೆರಿಕಕ್ಕಾಗಿ ಹಿಡಿದ ಕೊಡೆಯ ಕೆಳಗೆ ಮಲೆನಾಡಿನವರಿಗೂ ನಿಲ್ಲಲು ಸ್ಥಳ ಸಿಕ್ಕಿತು.

ಪಾಲನ್ನು ಮೀರಿ ಉಳಿದ ಕಾಫಿಯನ್ನು ಏನು ಮಾಡುವುದು? ಅದಕ್ಕೆ ಇನ್ನೊಂದು ಕಡೆಯ ಬಾಗಿಲು ತೆರೆದಿದ್ದಿತು. ರಷ್ಯವು ಪಾಲಿನ ಲೆಕ್ಕದ ಹೊರಗಿದ್ದ ಗಿರಾಕಿ. 1953ರಲ್ಲಿ ಆರಂಭವಾದ ಭಾರತ-ರಷ್ಯ ವ್ಯಾಪಾರ ಒಪ್ಪಂದಗಳ ಪ್ರಕಾರ ಲೆಕ್ಕವೆಲ್ಲ ರೂಪಾಯಿಯಲ್ಲಿ. ನಾವು ಚಹ, ಕಾಫಿ, ಗೋಡಂಬಿ ಕಳುಹಿಸುವುದು. ಅವರು ಯಂತ್ರ, ಎಣ್ಣೆ, ಶಸ್ತ್ರಗಳನ್ನು ಕಳುಹಿಸುವುದು. 1980ರ ದಶಕದಲ್ಲಿ ರಷ್ಯವೇ ನಮ್ಮ ಕಾಫಿಯ ಅತಿ ದೊಡ್ಡ ಗಿರಾಕಿಯಾಗಿದ್ದಿತು. ಹೀಗೆ ಒಂದೇ ತೋಟದ ಹಣ್ಣಿಗೆ ಪೈಪೋಟಿಯ ಎರಡೂ ಕಡೆಯಿಂದ ಆಸರೆ ದೊರೆಯಿತು.

ಆಸರೆಗಳು ಬಿದ್ದುದೂ ಒಟ್ಟಿಗೇ. ರಷ್ಯದ ಭಯ ತಗ್ಗಿದಂತೆ ಅಮೆರಿಕಕ್ಕೆ ಕಾಫಿ ಒಪ್ಪಂದದ ಆಸಕ್ತಿಯೂ ತಗ್ಗಿತು. ಪಾಲುಗಳ ಜಗಳವೂ ಸೇರಿ, 1989ರ ಜುಲೈ ತಿಂಗಳಲ್ಲಿ ಪಾಲಿನ ಪದ್ಧತಿ ನಿಂತಿತು. ಕೆಲವೇ ತಿಂಗಳಲ್ಲಿ ಪ್ರಪಂಚದ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ನವೆಂಬರಿನಲ್ಲಿ ಬರ್ಲಿನ್ನಿನ ಗೋಡೆ ಬಿತ್ತು. 1991ರ ಡಿಸೆಂಬರಿನಲ್ಲಿ ಸೋವಿಯೆತ್ ಒಕ್ಕೂಟವೇ ಇಲ್ಲವಾಯಿತು. ಅದರೊಡನೆ ರೂಪಾಯಿಯ ವ್ಯಾಪಾರವೂ ಹೋಯಿತು. 1992ರಿಂದ ಪೂಲ್ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಸ್ವಾತಂತ್ರ್ಯ ಬಂದಿತು, ಅದರ ಜೊತೆಗೆ ಗಾಳಿಮಳೆಯೂ ಬಂದಿತು.

ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಪೂರ್ವ ಜರ್ಮನಿಯು ತನ್ನ ಜನರಿಗೆ ಅಗ್ಗದ ಕಾಫಿ ದೊರೆಯಲೆಂದು 1980ರಲ್ಲಿ ವಿಯೆಟ್ನಾಮಿನೊಡನೆ ಒಪ್ಪಂದ ಮಾಡಿಕೊಂಡು ತೋಟಗಳಿಗೆ ನೆರವಿತ್ತಿತು. ಗಿಡಗಳು ಫಲಕ್ಕೆ ಬರುವ ಹೊತ್ತಿಗೆ, 1990ರಲ್ಲಿ, ಪೂರ್ವ ಜರ್ಮನಿಯೇ ಮಾಯವಾಯಿತು! ಆಮೇಲೆ ಇನ್ನಷ್ಟು ಹಬ್ಬಿದ ವಿಯೆಟ್ನಾಮಿನ ರೊಬಸ್ಟಾ ಎಲ್ಲರ ಮಾರುಕಟ್ಟೆಗೂ ಇಳಿಯಿತು. 2001ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ನಮ್ಮ ಬೆಳೆಗಾರರು ಪಟ್ಟ ಕಷ್ಟದಲ್ಲಿ ಆ ಹಳೆಯ ನೆರವಿನ ಪಾಲೂ ಇದ್ದಿತು. ಅದೇ ವಿಯೆಟ್ನಾಮಿನಲ್ಲಿ ಬರ ಬಂದಾಗ, 2024ರಲ್ಲಿ, ರೊಬಸ್ಟಾ ಹಲವು ದಶಕಗಳಲ್ಲಿ ಕಾಣದ ಬೆಲೆಗೆ ಏರಿತು.

ಹಾಗಾದರೆ ದೊಡ್ಡವರ ನೆರವೆಲ್ಲ ಮೋಸವೆ? ಹಾಗೆನ್ನಲಾಗದು. ಬಂದ ಗೋಧಿ ಹೊಟ್ಟೆ ತುಂಬಿಸಿತು. ಕಾಫಿಗೆ ಬಂದ ಬೆಲೆಯಿಂದ ಮಲೆನಾಡಿನ ಎಷ್ಟೋ ಮನೆಗಳ ಸಂಸಾರ ಸಾಗಿತು. ಆದರೆ ಕೊಡುವವನ ಅಗತ್ಯ ತೀರಿದ ದಿನ ಕೊಡುವುದೂ ನಿಲ್ಲುತ್ತದೆ. ವಿದೇಶೀ ನೆರವಿನ ಸುದ್ದಿಯನ್ನು ಕೇಳಿದಾಗ ಎಷ್ಟು ಕೋಟಿ ಎಂದು ಕೇಳಿದರೆ ಸಾಲದು. ಕೊಡುವವನಿಗೆ ಇದರ ಅಗತ್ಯ ಎಷ್ಟು ಕಾಲ ಎಂಬುದನ್ನೂ ಕೇಳಬೇಕು. ಕಾಫಿಯ ಗಿಡ ನೆಟ್ಟು ಫಲಕ್ಕಾಗಿ ಮೂರು ನಾಲ್ಕು ವರ್ಷ ಕಾಯಬೇಕಾದವನಿಗೆ ಆ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.