ಬಿದ್ದ ಮಗುವಿನ ಮೇಲೆ ಕಣ್ಣಿರಲಿ



ನಾನು ಡಾಕ್ಟರಲ್ಲ, ಚಿಲಮತ್ತೂರಿನ ಅಂಗಡಿಯವನು. ನಮ್ಮ ಮೊಮ್ಮಗ ಅಕ್ಕಿಮೂಟೆಯ ಮೇಲಿಂದ ಬಿದ್ದಾಗ ತಲೆಯಲ್ಲಿ ಬುಗುಟೂ ಏಳಲಿಲ್ಲ. ಪೆಪ್ಪರಮೆಂಟು ಕೊಟ್ಟು ಸುಮ್ಮನಾಗಿಸಿದೆ. ರಾತ್ರಿ ಎರಡು ಸಲ ವಾಂತಿ. ಅಲುಗಿಸಿದರೂ ಸರಿಯಾಗಿ ಕಣ್ಣು ಬಿಡಲಿಲ್ಲ. ದೃಷ್ಟಿ ತೆಗೆಯುತ್ತ ಹೊತ್ತು ಕಳೆದದ್ದು ನನ್ನದೇ ತಪ್ಪು. ಹಿಂದೂಪುರದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಯ್ದೆವು. ದೇವರ ದಯೆ, ಹುಡುಗ ಉಳಿದ.

ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು. ಎಳೆಗೂಸು ತಲೆನೋವೆಂದು ಹೇಳೀತೇ? ಹಾಲು ಬೇಡವೆನ್ನುವುದು, ಎತ್ತಿಕೊಂಡರೂ ನಿಲ್ಲದ ಅಳು, ನೆತ್ತಿಯ ಉಬ್ಬು, ಫಿಟ್ಸ್, ಕಿವಿ ಮೂಗಿನಿಂದ ನೀರು, ಒಂದು ಕೈ ಆಡಿಸದಿರುವುದು, ಇವೇ ಅದರ ಮಾತು. ಬಿದ್ದ ಮೇಲೆ ಎರಡು ದಿನ ಗಮನಿಸುತ್ತಿರಿ. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ನಾಳೆ ತೇರು. ಹೆಗಲ ಮೇಲಿನ ಕೂಸನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.